ಹಾರ್ಮೋನಿನಿಂದ ತೂಕ ಇಳಿದಾಗ ಕೊಬ್ಬಿನ ಅಂಗಾಂಶದ ಜೀನ್‌ಗಳನ್ನು ಅಳೆಯುವ ಬಗೆ

ಮಂಗಳೂರಿನ ಆಸುಪಾಸಿನ ಕಾಲೇಜುಗಳಲ್ಲಿ ಜೀವರಸಾಯನಶಾಸ್ತ್ರ ಅಥವಾ ಜೈವಿಕ ತಂತ್ರಜ್ಞಾನ ಓದುವ ಸ್ನಾತಕೋತ್ತರ ವಿದ್ಯಾರ್ಥಿಗಳು ಪ್ರಾಜೆಕ್ಟಿಗೆ ವಿಷಯ ಕೇಳಿಕೊಂಡು ಬರುವಾಗ, ಇತ್ತೀಚೆಗೆ ಹೆಚ್ಚಿನವರ ಬಾಯಲ್ಲಿ ಒಂದೇ ಪ್ರಶ್ನೆ ಇರುತ್ತದೆ. ವಾರಕ್ಕೊಮ್ಮೆ ಚುಚ್ಚಿಕೊಳ್ಳುವ ಹಾರ್ಮೋನಿನ ಮದ್ದಿನಿಂದ ತೂಕ ಇಳಿಯುತ್ತದೆಯಲ್ಲ, ಆಗ ಕೊಬ್ಬಿನೊಳಗೆ ಏನು ನಡೆಯುತ್ತದೆ ಎಂಬುದೇ ಆ ಪ್ರಶ್ನೆ. ಅಂತಹ ಮದ್ದುಗಳಲ್ಲಿ ಒಂದಾದ ಟಿರ್ಜೆಪಟೈಡ್ 2025ರ ಮಾರ್ಚ್‌ನಲ್ಲಿ ಭಾರತದ ಮಾರುಕಟ್ಟೆಗೆ ಬಂದಿತು, ಅದೇ ವರ್ಷದ ಜೂನ್‌ನಲ್ಲಿ ತೂಕ ಇಳಿಸುವ ಪ್ರಮಾಣದ ಸೆಮಾಗ್ಲುಟೈಡ್ ಬಂದಿತು. ಹೀಗಾಗಿ ಮನೆಯಲ್ಲೋ ನೆರೆಯಲ್ಲೋ ಆ ಮದ್ದು ತೆಗೆದುಕೊಳ್ಳುವವರನ್ನು ಕಂಡ ವಿದ್ಯಾರ್ಥಿಗೆ ಈ ಕುತೂಹಲ ಹುಟ್ಟುವುದು ಸಹಜ. ಪ್ರಶ್ನೆ ಒಳ್ಳೆಯದು. ಆದರೆ ಅದಕ್ಕೆ ಉತ್ತರ ಹುಡುಕುವ ದಾರಿಯಲ್ಲಿ ಮೂರು ನಾಲ್ಕು ಕಡೆ ಕಾಲು ಜಾರುತ್ತದೆ, ಮತ್ತು ಜಾರಿದ್ದು ಗೊತ್ತಾಗುವುದು ಆರು ತಿಂಗಳ ಕೆಲಸ ಮುಗಿದ ಮೇಲೆ. ಆದ್ದರಿಂದ ಪ್ರಯೋಗ ಯೋಜಿಸುವುದರಿಂದ ಹಿಡಿದು ಫಲಿತಾಂಶ ಓದುವವರೆಗೆ ಏನು ಮಾಡಬೇಕು, ಎಲ್ಲಿ ನಿಧಾನಿಸಬೇಕು ಎಂಬುದನ್ನು ಇಲ್ಲಿ ಕ್ರಮವಾಗಿ ಬರೆದಿದ್ದೇನೆ.

ಮೊದಲು ಲೆಪ್ಟಿನ್‌ನಿಂದ ಆರಂಭಿಸಿ

ಹೊಸ ಮದ್ದುಗಳ ಹೆಸರು ಎಷ್ಟೇ ಕೇಳಿಬರಲಿ, ಈ ವಿಷಯವನ್ನು ಕಲಿಯಲು ಹಸಿವು ತಗ್ಗಿಸುವ ಲೆಪ್ಟಿನ್ ಹಾರ್ಮೋನಿಗಿಂತ ಉತ್ತಮವಾದ ಪಾಠವಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ಅಮೆರಿಕದ ಜ್ಯಾಕ್ಸನ್ ಪ್ರಯೋಗಾಲಯದಲ್ಲಿ 1949ರಲ್ಲಿ ವಿಪರೀತ ದಪ್ಪವಾದ ಒಂದು ಇಲಿಯ ತಳಿ ಕಾಣಿಸಿಕೊಂಡಿತು. ಅದನ್ನು ಓಬಿ ತಳಿ ಎಂದು ಕರೆದರು. ಅದೇ ಸಂಸ್ಥೆಯ ಡಗ್ಲಸ್ ಕೋಲ್ಮನ್ ಈ ಇಲಿಯ ರಕ್ತಪರಿಚಲನೆಯನ್ನು ಡಿಬಿ ಎಂಬ ಇನ್ನೊಂದು ದಪ್ಪ ತಳಿಯ ಇಲಿಯದರೊಂದಿಗೆ ಹೊಲಿದು ಜೋಡಿಸಿದಾಗ, ಓಬಿ ಇಲಿ ಆಹಾರ ಬಿಟ್ಟು ಸೊರಗಿತು. ಅಂದರೆ ಓಬಿ ಇಲಿಯಲ್ಲಿ ಇಲ್ಲದ ಯಾವುದೋ ಒಂದು ಸಂದೇಶ ಡಿಬಿ ಇಲಿಯ ರಕ್ತದಲ್ಲಿ ತುಂಬಿಕೊಂಡಿತ್ತು, ಡಿಬಿ ಇಲಿಗೆ ಮಾತ್ರ ಅದನ್ನು ಕೇಳಿಸಿಕೊಳ್ಳುವ ಶಕ್ತಿಯಿರಲಿಲ್ಲ. ಆ ಸಂದೇಶವೇ ಲೆಪ್ಟಿನ್ ಎಂಬುದು 1994ರಲ್ಲಿ ರಾಕ್‌ಫೆಲರ್ ವಿಶ್ವವಿದ್ಯಾಲಯದ ಜೆಫ್ರಿ ಫ್ರೀಡ್‌ಮನ್ ಅವರ ತಂಡ ಅದರ ಜೀನನ್ನು ಪತ್ತೆಹಚ್ಚಿದಾಗ ತಿಳಿಯಿತು. ಅದನ್ನು ತಯಾರಿಸುವುದು ಕೊಬ್ಬಿನ ಕೋಶಗಳೇ. ಮರುವರ್ಷ ಓಬಿ ಇಲಿಗಳಿಗೆ ದಿನವೂ ಲೆಪ್ಟಿನ್ ಚುಚ್ಚಿದಾಗ ಎರಡು ವಾರಗಳಲ್ಲಿ ಅವುಗಳ ತೂಕ ಶೇಕಡಾ 30ರಷ್ಟು ಇಳಿಯಿತು. ಡಿಬಿ ಇಲಿಗಳಿಗೆ ಅದೇ ಚುಚ್ಚುಮದ್ದು ಕೊಟ್ಟರೂ ಏನೂ ಆಗಲಿಲ್ಲ, ಏಕೆಂದರೆ ಅವುಗಳಲ್ಲಿ ಲೆಪ್ಟಿನ್ ಗ್ರಾಹಕವೇ, ಅಂದರೆ ಆ ಸಂದೇಶವನ್ನು ಹಿಡಿಯುವ ಪ್ರೋಟೀನೇ ಕೆಟ್ಟಿದೆ.

ಪ್ರಯೋಗ ಕಲಿಯುವವರಿಗೆ ಈ ಎರಡು ತಳಿಗಳು ದೊಡ್ಡ ವರ. ಒಂದರಲ್ಲಿ ಹಾರ್ಮೋನ್ ಇಲ್ಲ, ಕೊಟ್ಟರೆ ಕೆಲಸ ಮಾಡುತ್ತದೆ. ಇನ್ನೊಂದರಲ್ಲಿ ಹಾರ್ಮೋನ್ ಧಾರಾಳವಾಗಿದೆ, ಕೊಟ್ಟರೂ ಕೆಲಸ ಮಾಡುವುದಿಲ್ಲ. ಬರಿಯ ಅತಿಪೋಷಣೆಯಿಂದ ದಪ್ಪವಾದ ಇಲಿಯಲ್ಲಾಗಲಿ, ನಮ್ಮ ನಿಮ್ಮಂತಹ ಮನುಷ್ಯರಲ್ಲಾಗಲಿ ಚಿತ್ರ ಇಷ್ಟು ಸ್ಪಷ್ಟವಾಗಿರುವುದಿಲ್ಲ. ಸಾಮಾನ್ಯ ಬೊಜ್ಜಿನಲ್ಲಿ ರಕ್ತದ ಲೆಪ್ಟಿನ್ ಮೊದಲೇ ಹೆಚ್ಚಿರುತ್ತದೆ, ಇನ್ನಷ್ಟು ಕೊಟ್ಟರೆ ಪ್ರಯೋಜನ ಅಲ್ಪ.

ಉಪವಾಸದ ಇಲಿಯನ್ನು ಮರೆಯಬೇಡಿ

ಈ ಮಾರ್ಗದರ್ಶಿಯಲ್ಲಿ ಒಂದೇ ಒಂದು ಭಾಗವನ್ನು ಓದುವಷ್ಟು ಸಮಯ ನಿಮಗಿದ್ದರೆ ಇದನ್ನು ಓದಿ. ಲೆಪ್ಟಿನ್ ಕೊಟ್ಟ ಇಲಿ ಕಡಿಮೆ ತಿನ್ನುತ್ತದೆ. ಕಡಿಮೆ ತಿಂದ ಯಾವ ಪ್ರಾಣಿಯ ಕೊಬ್ಬಿನಲ್ಲೂ ನೂರಾರು ಜೀನ್‌ಗಳ ಚಟುವಟಿಕೆ ಏರಿಳಿಯುತ್ತದೆ. ಹೀಗಿರುವಾಗ ಲೆಪ್ಟಿನ್ ಕೊಟ್ಟ ಇಲಿಯನ್ನು ಬರಿಯ ಉಪ್ಪುನೀರು ಚುಚ್ಚಿದ, ಹೊಟ್ಟೆತುಂಬ ತಿಂದ ಇಲಿಯೊಂದಿಗೆ ಹೋಲಿಸಿದರೆ, ಕಂಡ ವ್ಯತ್ಯಾಸ ಹಾರ್ಮೋನಿನದ್ದೋ ಹಸಿವಿನದ್ದೋ ಹೇಳಲು ದೇವರಿಗೂ ಸಾಧ್ಯವಿಲ್ಲ.

ಇದಕ್ಕೆ ಪರಿಹಾರವಾಗಿ ಮೂರನೆಯ ಗುಂಪೊಂದನ್ನು ಇಡಬೇಕು. ಲೆಪ್ಟಿನ್ ಪಡೆದ ಇಲಿಗಳು ಇವತ್ತು ಎಷ್ಟು ಗ್ರಾಂ ತಿಂದವು ಎಂದು ತೂಗಿ, ಮರುದಿನ ಈ ಮೂರನೆಯ ಗುಂಪಿಗೆ ಅಷ್ಟೇ ಗ್ರಾಂ ಆಹಾರ ಹಾಕಬೇಕು, ಜೊತೆಗೆ ಉಪ್ಪುನೀರನ್ನು ಚುಚ್ಚಬೇಕು. ಪ್ರಯೋಗಾಲಯದಲ್ಲಿ ಇದಕ್ಕೆ ಪೇರ್-ಫೆಡ್ ಗುಂಪು ಎನ್ನುತ್ತಾರೆ. ಉಡುಪಿಯಲ್ಲಿ ಬೆಳೆದವರಿಗೆ ಇದನ್ನು ವಿವರಿಸಲು ನಾನು ಏಕಾದಶಿಯನ್ನು ನೆನಪಿಸುತ್ತೇನೆ. ಏಕಾದಶಿಯ ದಿನ ಉಪವಾಸವಿದ್ದ ಅಜ್ಜಿಯೂ ಊಟ ಮಾಡಲಿಲ್ಲ, ಜ್ವರದಿಂದ ಬಾಯಿರುಚಿ ಕೆಟ್ಟ ಮೊಮ್ಮಗಳೂ ಊಟ ಮಾಡಲಿಲ್ಲ. ಬಟ್ಟಲಿನಲ್ಲಿ ಉಳಿದ ಗಂಜಿ ಇಬ್ಬರದ್ದೂ ಒಂದೇ ಅಳತೆ. ಆದರೆ ಅಜ್ಜಿಯ ಮೆದುಳು ಹಸಿವನ್ನು ಸಾರುತ್ತಿರುತ್ತದೆ, ಮೊಮ್ಮಗಳ ಮೆದುಳು ಸಾರುತ್ತಿಲ್ಲ. ದೇಹದೊಳಗೆ ಇಬ್ಬರದ್ದೂ ಬೇರೆ ಬೇರೆ ಸ್ಥಿತಿ. ಪೇರ್-ಫೆಡ್ ಇಲಿ ಅಜ್ಜಿಯ ಸ್ಥಾನದಲ್ಲಿದೆ, ಲೆಪ್ಟಿನ್ ಪಡೆದ ಇಲಿ ಹಸಿವೇ ಇಲ್ಲದ ಮೊಮ್ಮಗಳ ಸ್ಥಾನದಲ್ಲಿದೆ.

ಈ ಗುಂಪನ್ನು ಇಟ್ಟು ನೋಡಿದವರಿಗೆ ಮಹತ್ವದ ವಿಷಯ ಸಿಕ್ಕಿತು. ಅಷ್ಟೇ ಆಹಾರ ತಿಂದರೂ ಲೆಪ್ಟಿನ್ ಪಡೆದ ಓಬಿ ಇಲಿಗಳು ಹೆಚ್ಚು ಕೊಬ್ಬನ್ನು ಕಳೆದುಕೊಂಡವು, ಆದರೆ ಸ್ನಾಯುವನ್ನು ಉಳಿಸಿಕೊಂಡವು; ಬರಿಯ ಆಹಾರ ಕಡಿತದ ಇಲಿಗಳು ಕೊಬ್ಬಿನ ಜೊತೆಗೆ ಸ್ನಾಯುವನ್ನೂ ಕಳೆದುಕೊಂಡವು. ಫ್ರೀಡ್‌ಮನ್ ತಂಡ 2000ದಲ್ಲಿ ಬಿಳಿ ಕೊಬ್ಬಿನ ಸಾವಿರಾರು ಜೀನ್‌ಗಳನ್ನು ಮೈಕ್ರೋಅರೇ ಚಿಪ್‌ನ ಮೇಲೆ ಒಟ್ಟಿಗೆ ಅಳೆದು ತೋರಿಸಿದ್ದೂ ಇದನ್ನೇ: ಲೆಪ್ಟಿನ್‌ಗೆ ತನ್ನದೇ ಆದ ಒಂದು ಜೀನ್ ಮಾದರಿ ಇದೆ, ಅದು ಆಹಾರ ಕಡಿತದ ಮಾದರಿಯ ನಕಲಲ್ಲ. ಈ ಒಂದು ಗುಂಪನ್ನು ಕೈಬಿಟ್ಟಿದ್ದರೆ ಆ ತೀರ್ಮಾನಕ್ಕೆ ಬರುವ ದಾರಿಯೇ ಇರುತ್ತಿರಲಿಲ್ಲ.

ಪೇರ್-ಫೆಡ್ ಗುಂಪಿನಲ್ಲಿಯೂ ಒಂದು ತೊಡಕಿದೆ, ಅದನ್ನು ಮೊದಲೇ ತಿಳಿದಿರಬೇಕು. ಹಸಿದ ಇಲಿ ಹಾಕಿದ ಆಹಾರವನ್ನು ಒಂದೇ ಸಲಕ್ಕೆ ನುಂಗಿ ಉಳಿದ ಹೊತ್ತೆಲ್ಲ ಖಾಲಿ ಹೊಟ್ಟೆಯಲ್ಲಿರುತ್ತದೆ. ಲೆಪ್ಟಿನ್ ಪಡೆದ ಇಲಿ ಅಷ್ಟನ್ನೇ ದಿನವಿಡೀ ಸ್ವಲ್ಪ ಸ್ವಲ್ಪವಾಗಿ ತಿನ್ನುತ್ತದೆ. ಕೊಬ್ಬನ್ನು ತಯಾರಿಸುವ ಜೀನ್‌ಗಳು ಉಪವಾಸದಲ್ಲಿ ಕುಸಿದು, ಮತ್ತೆ ಉಣಿಸಿದಾಗ ಮೊದಲಿಗಿಂತ ಮೇಲೇರುವಂತಹವು. ಆದ್ದರಿಂದ ದಿನದ ಆಹಾರವನ್ನು ಎರಡು ಮೂರು ಕಂತುಗಳಲ್ಲಿ ಹಾಕಿ, ಮತ್ತು ಎಲ್ಲ ಗುಂಪುಗಳ ಅಂಗಾಂಶವನ್ನೂ ಕೊನೆಯ ಆಹಾರದಿಂದ ಒಂದೇ ಅಂತರದಲ್ಲಿ, ದಿನದ ಒಂದೇ ಹೊತ್ತಿನಲ್ಲಿ ತೆಗೆಯಿರಿ.

ಅನುಮತಿ, ಮತ್ತು ಎಲ್ಲಿಯ ಕೊಬ್ಬು ಎಂಬ ಪ್ರಶ್ನೆ

ಪ್ರಾಣಿಗಳ ಮೇಲಿನ ಯಾವ ಕೆಲಸಕ್ಕೂ ಸಂಸ್ಥೆಯ ಪ್ರಾಣಿ ನೈತಿಕ ಸಮಿತಿಯ ಅನುಮತಿ ಮೊದಲು ಬೇಕು. ಮನುಷ್ಯರ ಕೊಬ್ಬಿನ ಚೂರನ್ನು ಬಳಸುವುದಾದರೆ, ಅದು ಶಸ್ತ್ರಚಿಕಿತ್ಸೆಯಲ್ಲಿ ಬಿಸಾಡುವ ಅಂಗಾಂಶವೇ ಆಗಿದ್ದರೂ, ಐಸಿಎಂಆರ್‌ನ ಮಾರ್ಗಸೂಚಿಯಂತೆ ನೈತಿಕ ಸಮಿತಿಯ ಒಪ್ಪಿಗೆಯೂ ರೋಗಿಯ ಲಿಖಿತ ಸಮ್ಮತಿಯೂ ಬೇಕು. ಸಮ್ಮತಿಪತ್ರವನ್ನು ಕನ್ನಡದಲ್ಲಿ ಕೊಡಿ, ತುಳು ಅಥವಾ ಬ್ಯಾರಿ ಮಾತನಾಡುವವರಿಗೆ ಅವರ ಮಾತಿನಲ್ಲಿ ಓದಿ ಹೇಳಿ. ಸಹಿ ಹಾಕಿದ್ದು ಯಾವುದಕ್ಕೆ ಎಂದು ಅವರಿಗೆ ತಿಳಿದಿರಲೇಬೇಕು.

ಕೊಬ್ಬು ಎಂದರೆ ಒಂದೇ ವಸ್ತುವಲ್ಲ. ಚರ್ಮದಡಿಯ ಕೊಬ್ಬು, ಕರುಳಿನ ಸುತ್ತಲಿನ ಕೊಬ್ಬು, ಬೆನ್ನಿನ ಮೇಲ್ಭಾಗದ ಕಂದು ಕೊಬ್ಬು ಇವು ಮೂರೂ ಹಾರ್ಮೋನಿಗೆ ಬೇರೆ ಬೇರೆಯಾಗಿ ಸ್ಪಂದಿಸುತ್ತವೆ. ಕಂದು ಕೊಬ್ಬು ಯುಸಿಪಿ-1 ಎಂಬ ಪ್ರೋಟೀನಿನ ಮೂಲಕ ಶಕ್ತಿಯನ್ನು ಶಾಖವಾಗಿ ಕಳೆಯುತ್ತದೆ. ಅದರ ಒಂದು ಸಣ್ಣ ತುಣುಕು ಬಿಳಿ ಕೊಬ್ಬಿನ ಸ್ಯಾಂಪಲ್ಲಿಗೆ ಸೇರಿಕೊಂಡರೂ ಯುಸಿಪಿ-1 ಹತ್ತಾರು ಪಟ್ಟು ಏರಿದಂತೆ ಕಾಣುತ್ತದೆ, ವಿದ್ಯಾರ್ಥಿ ಹೊಸ ಸಂಶೋಧನೆ ಮಾಡಿದೆನೆಂದು ಸಂಭ್ರಮಿಸುತ್ತಾನೆ. ಒಂದು ಜಾಗವನ್ನು ಆರಿಸಿಕೊಳ್ಳಿ, ಎಲ್ಲ ಪ್ರಾಣಿಗಳಲ್ಲೂ ಅಲ್ಲಿಂದಲೇ, ಒಬ್ಬರ ಕೈಯಿಂದಲೇ ತೆಗೆಯಿರಿ.

ಮಲ್ಪೆಯ ದೋಣಿಯಂತೆ

ಜೀನ್ ಕೆಲಸ ಮಾಡುವಾಗ ಅದರಿಂದ ಆರ್‌ಎನ್‌ಎ ಎಂಬ ಪ್ರತಿ ಹೊರಡುತ್ತದೆ, ಜೀನಿನ ಚಟುವಟಿಕೆ ಎಂದು ನಾವು ಅಳೆಯುವುದು ಅದನ್ನೇ. ಅಂಗಾಂಶ ತೆಗೆದ ಕ್ಷಣದಿಂದ ಅದರೊಳಗಿನ ಆರ್‌ಎನ್‌ಎ ಕೆಡಲು ಶುರುವಾಗುತ್ತದೆ. ಮಲ್ಪೆಯ ಮೀನುಗಾರರು ಬಲೆ ಎಳೆದ ಕೂಡಲೇ ದೋಣಿಯಲ್ಲೇ ಮೀನಿಗೆ ಮಂಜುಗಡ್ಡೆ ಹಾಕುತ್ತಾರೆ, ದಡಕ್ಕೆ ಬಂದು ಹಾಕೋಣವೆಂದು ಕಾಯುವುದಿಲ್ಲ. ಇಲ್ಲಿಯೂ ಹಾಗೆಯೇ. ದ್ರವ ಸಾರಜನಕದ ಪಾತ್ರೆ ಕತ್ತರಿಯ ಪಕ್ಕದಲ್ಲೇ ಇರಲಿ, ಟ್ಯೂಬುಗಳ ಮೇಲೆ ಹೆಸರು ಮೊದಲೇ ಬರೆದಿರಲಿ. ಕೊಬ್ಬನ್ನು ಸುಮಾರು 100 ಮಿಲಿಗ್ರಾಂನ ಚಿಕ್ಕ ಚಿಕ್ಕ ಚೂರುಗಳಾಗಿ ಮಾಡಿ ಬೇರೆ ಬೇರೆ ಟ್ಯೂಬುಗಳಲ್ಲಿ ಹೆಪ್ಪುಗಟ್ಟಿಸಿ. ದೊಡ್ಡ ಮುದ್ದೆಯನ್ನು ಒಂದೇ ಟ್ಯೂಬಿನಲ್ಲಿಟ್ಟು ಬೇಕಾದಾಗಲೆಲ್ಲ ಕರಗಿಸಿ ತುಂಡು ಮಾಡಿಕೊಂಡರೆ ಪ್ರತಿ ಸಲವೂ ಆರ್‌ಎನ್‌ಎ ಹಾಳಾಗುತ್ತದೆ. ಒಂದು ಚೂರನ್ನು ಫಾರ್ಮಲಿನ್‌ನಲ್ಲಿ ಇಡಲು ಮರೆಯಬೇಡಿ. ಅದು ಏಕೆಂದು ಮುಂದೆ ಹೇಳುತ್ತೇನೆ.

ಮಳೆಗಾಲದ ಬಗ್ಗೆ ಒಂದು ಮಾತು. ನಾನು ಕೆಲಸ ಮಾಡುತ್ತಿದ್ದ ಒಂದು ಕಡೆ ಜೂನ್ ತಿಂಗಳ ಗಾಳಿಮಳೆಗೆ ಶನಿವಾರ ರಾತ್ರಿ ಕರೆಂಟು ಹೋಗಿ, ಜನರೇಟರ್ ತಾನಾಗಿ ಚಾಲೂ ಆಗದೆ, ಸೋಮವಾರ ಬೆಳಿಗ್ಗೆ ಮೈನಸ್ 80 ಡಿಗ್ರಿಯ ಫ್ರೀಜರ್‌ನ ಬಾಗಿಲು ತೆರೆದಾಗ ನೀರು ಹರಿಯುತ್ತಿತ್ತು. ಒಬ್ಬ ವಿದ್ಯಾರ್ಥಿನಿಯ ಎರಡು ವರ್ಷದ ಸ್ಯಾಂಪಲ್ಲುಗಳು ಅದರಲ್ಲಿದ್ದವು. ಅವಳು ಟ್ಯೂಬ್ ಹಿಡಿದು ನಿಂತದ್ದು ನನ್ನ ಕಣ್ಣಿಗೆ ಕಟ್ಟಿದಂತಿದೆ. ಅಂದಿನಿಂದ ಪ್ರತಿ ಸ್ಯಾಂಪಲ್ಲಿನ ಅರ್ಧವನ್ನು ಇನ್ನೊಂದು ಕಟ್ಟಡದ ಫ್ರೀಜರ್‌ನಲ್ಲಿ ಇಡಿಸುತ್ತೇನೆ, ಮತ್ತು ಮೇ ಮುಗಿಯುವ ಮೊದಲು ಆರ್‌ಎನ್‌ಎ ತೆಗೆದು ಮುಗಿಸಲು ಒತ್ತಾಯಿಸುತ್ತೇನೆ.

ಕೊಬ್ಬಿನಿಂದ ಆರ್‌ಎನ್‌ಎ ತೆಗೆಯುವುದು

ಯಕೃತ್ತಿನಿಂದ ಆರ್‌ಎನ್‌ಎ ತೆಗೆದು ಅಭ್ಯಾಸವಿದ್ದವರಿಗೆ ಕೊಬ್ಬು ನಿರಾಶೆ ತರುತ್ತದೆ. ಕೊಬ್ಬಿನ ಕೋಶದ ಹೊಟ್ಟೆಯ ತುಂಬ ಎಣ್ಣೆಯ ಒಂದೇ ಹನಿ ತುಂಬಿರುತ್ತದೆ, ಆರ್‌ಎನ್‌ಎ ಇರುವ ಭಾಗ ಅಂಚಿನಲ್ಲಿ ತೆಳ್ಳಗೆ ಒತ್ತಿಕೊಂಡಿರುತ್ತದೆ. ಹೀಗಾಗಿ ಅಷ್ಟೇ ತೂಕದ ಅಂಗಾಂಶದಿಂದ ಸಿಗುವ ಆರ್‌ಎನ್‌ಎ ತೀರ ಕಡಿಮೆ, ಮತ್ತು ಅದಕ್ಕೆ ಎಣ್ಣೆಯ ಕಾಟ ಬೇರೆ.

ಸುಮಾರು 100 ಮಿಲಿಗ್ರಾಂ ಚೂರಿಗೆ ಕೋಶಗಳನ್ನು ಒಡೆದು ಆರ್‌ಎನ್‌ಎ ಬಿಡಿಸುವ ಟ್ರೈಜಾಲ್ ಎಂಬ ದ್ರವವನ್ನು 1 ಮಿಲಿಲೀಟರ್ ಹಾಕಿ ಅರೆಯಿರಿ. ಇಲ್ಲಿಂದ ಮುಂದೆ ಕೈಪಿಡಿಗಳಲ್ಲಿ ಕ್ಲೋರೋಫಾರ್ಮ್ ಹಾಕಲು ಹೇಳಿರುತ್ತದೆ. ಕೊಬ್ಬಿನ ವಿಷಯದಲ್ಲಿ ಅದಕ್ಕೆ ಮೊದಲು ಒಂದು ಹೆಜ್ಜೆ ಸೇರಿಸಬೇಕು. ಅರೆದ ದ್ರವವನ್ನು ಹಾಗೆಯೇ 4 ಡಿಗ್ರಿಯಲ್ಲಿ 12,000 ಜಿ ವೇಗದಲ್ಲಿ 10 ನಿಮಿಷ ಸೆಂಟ್ರಿಫ್ಯೂಜ್ ಮಾಡಿ. ಟ್ಯೂಬ್ ಹೊರತೆಗೆದರೆ ಮೇಲೆ ಬೆಳ್ಳಗಿನ ಒಂದು ಪದರ ಕಾಣುತ್ತದೆ. ತೆಂಗಿನೆಣ್ಣೆ ಸುಮಾರು 24 ಡಿಗ್ರಿಗಿಂತ ಕೆಳಗೆ ಹೆಪ್ಪಾಗುವುದನ್ನು ಏಸಿ ಕೋಣೆಯಲ್ಲಿಟ್ಟ ಬಾಟಲಿಯಲ್ಲಿ ನೀವೆಲ್ಲ ನೋಡಿದ್ದೀರಿ. ಈ ಪದರವೂ ಹಾಗೆಯೇ ತಣ್ಣಗಿರುವವರೆಗೆ ಗಟ್ಟಿ, ಕೈಯ ಬಿಸಿ ತಾಗಿದರೆ ಕರಗಿ ಕೆಳಗಿನ ದ್ರವದೊಂದಿಗೆ ಬೆರೆಯುತ್ತದೆ. ಆದ್ದರಿಂದ ಟ್ಯೂಬನ್ನು ಮಂಜಿನ ಮೇಲೆಯೇ ಇಟ್ಟು, ಪಿಪೆಟ್ಟಿನ ತುದಿಯನ್ನು ಟ್ಯೂಬಿನ ಗೋಡೆಗೆ ಒರಗಿಸಿ, ಪದರದ ಬದಿಯಿಂದ ಕೆಳಗಿಳಿಸಿ, ನಡುವಿನ ಗುಲಾಬಿ ದ್ರವವನ್ನು ನಿಧಾನವಾಗಿ ಎಳೆದುಕೊಂಡು ಹೊಸ ಟ್ಯೂಬಿಗೆ ಹಾಕಿ. ಕೊನೆಯ ಹನಿಗೆ ಆಸೆಪಡಬೇಡಿ. ತುದಿಯ ಹೊರಮೈಯಲ್ಲಿ ಎಣ್ಣೆ ಅಂಟಿದ್ದರೆ ಸ್ವಚ್ಛವಾದ ಟಿಶ್ಯೂವಿನಿಂದ ಒರೆಸಿಕೊಂಡೇ ಹೊಸ ಟ್ಯೂಬಿಗೆ ಇಳಿಸಿ.

ಆಮೇಲೆ 0.2 ಮಿಲಿಲೀಟರ್ ಕ್ಲೋರೋಫಾರ್ಮ್ ಹಾಕಿ 15 ಸೆಕೆಂಡು ಜೋರಾಗಿ ಕುಲುಕಿ, ಎರಡು ಮೂರು ನಿಮಿಷ ಬಿಟ್ಟು, 4 ಡಿಗ್ರಿಯಲ್ಲಿ 12,000 ಜಿ ವೇಗದಲ್ಲಿ 15 ನಿಮಿಷ ತಿರುಗಿಸಿ. ಮೇಲಿನ ತಿಳಿಯಾದ ಪದರದಲ್ಲಿ ಆರ್‌ಎನ್‌ಎ ಇದೆ, ನಡುವಿನ ಬಿಳಿಯ ತೆಳುಪೊರೆಯಲ್ಲಿ ಡಿಎನ್‌ಎ ಇದೆ. ಪೊರೆಯನ್ನು ಮುಟ್ಟದಂತೆ ಮೇಲಿನದನ್ನಷ್ಟೇ ತೆಗೆಯಿರಿ. ಅದಕ್ಕೆ 0.5 ಮಿಲಿಲೀಟರ್ ಐಸೊಪ್ರೊಪನಾಲ್ ಹಾಕಿ ಆರ್‌ಎನ್‌ಎಯನ್ನು ತಳಕ್ಕೆ ಕೂರಿಸಿ, ಶೇಕಡಾ 75ರ ಎಥನಾಲ್‌ನಿಂದ ತೊಳೆದು, ಆರ್‌ಎನ್‌ಏಸ್ (ಆರ್‌ಎನ್‌ಎಯನ್ನು ಕತ್ತರಿಸುವ ಕಿಣ್ವ) ಇಲ್ಲದ ನೀರಿನಲ್ಲಿ ಕರಗಿಸಿ. ಸಿಗುವ ಪ್ರಮಾಣ ತೀರ ಕಡಿಮೆಯಿದ್ದರೆ ಐಸೊಪ್ರೊಪನಾಲ್ ಜೊತೆಗೆ ಸ್ವಲ್ಪ ಗ್ಲೈಕೋಜನ್ ಸೇರಿಸಿದರೆ ಕಣ್ಣಿಗೆ ಕಾಣುವ ಮುದ್ದೆಯಾಗಿ ಕೂರುತ್ತದೆ. ಟ್ರೈಜಾಲ್‌ನಲ್ಲಿ ಫೀನಾಲ್ ಇದೆ ಎಂಬುದನ್ನು ನೆನಪಿಡಿ, ಕೈಗವಸು ಮತ್ತು ಫ್ಯೂಮ್ ಹುಡ್ ಇಲ್ಲದೆ ಈ ಕೆಲಸಕ್ಕೆ ಕೈಹಾಕಬೇಡಿ.

ಬೆಳಕಿನ ಹೀರಿಕೆಯಲ್ಲಿ 260 ಮತ್ತು 280 ನ್ಯಾನೋಮೀಟರ್ ತರಂಗಾಂತರಗಳ ಅನುಪಾತ 2ರ ಹತ್ತಿರ ಇರಬೇಕು. 260 ಮತ್ತು 230ರ ಅನುಪಾತ ತಗ್ಗಿದ್ದರೆ ಟ್ರೈಜಾಲ್‌ನ ಫೀನಾಲ್ ಅಥವಾ ಗ್ವಾನಿಡಿನ್ ಉಳಿದಿದೆ ಎಂದರ್ಥ, ಇನ್ನೊಮ್ಮೆ ತೊಳೆಯಿರಿ. ಆರ್‌ಎನ್‌ಎ ಮುರಿದಿದೆಯೇ ಎಂಬುದು ಈ ಅನುಪಾತಗಳಲ್ಲಿ ಕಾಣುವುದಿಲ್ಲ. ಅದಕ್ಕೆ ಜೆಲ್ ಅಥವಾ ಬಯೋಅನಲೈಸರ್ ಬೇಕು, ಅದರಲ್ಲಿ ಅಖಂಡತೆಯ ಅಂಕ 10ಕ್ಕೆ 7ಕ್ಕಿಂತ ಕೆಳಗಿದ್ದರೆ ಮುಂದುವರಿಯುವ ಮೊದಲು ಯೋಚಿಸಿ.

ಯಾವುದಕ್ಕೆ ಹೋಲಿಸಿ ಅಳೆಯಬೇಕು

ಆರ್‌ಎನ್‌ಎಯನ್ನು ಡಿಎನ್‌ಏಸ್‌ನಿಂದ (ಡಿಎನ್‌ಎಯನ್ನು ಕತ್ತರಿಸುವ ಕಿಣ್ವದಿಂದ) ಸ್ವಚ್ಛಗೊಳಿಸಿ, ಸಿಡಿಎನ್‌ಎಗೆ, ಅಂದರೆ ಅದರ ಡಿಎನ್‌ಎ ಪ್ರತಿಗೆ ಪರಿವರ್ತಿಸಿ, ಆ ಪ್ರತಿಗಳನ್ನು ಸುತ್ತು ಸುತ್ತಾಗಿ ಹೆಚ್ಚಿಸುವ ಕ್ಯೂಪಿಸಿಆರ್ ಯಂತ್ರದಲ್ಲಿ ಅಳೆಯುವುದು ನಮ್ಮ ಕಾಲೇಜುಗಳಿಗೆ ನಿಲುಕುವ ವಿಧಾನ. ಯಂತ್ರ ಕೊಡುವ ಸಿಟಿ ಸಂಖ್ಯೆಯು ಆ ಜೀನಿನ ಪ್ರತಿಗಳು ಎಷ್ಟನೆಯ ಸುತ್ತಿನಲ್ಲಿ ಗೋಚರಿಸಿದವು ಎಂಬುದನ್ನು ಹೇಳುತ್ತದೆ. ಪ್ರತಿ ಸುತ್ತಿನಲ್ಲಿ ಪ್ರತಿಗಳು ಇಮ್ಮಡಿಯಾಗುವುದರಿಂದ, ಸಂಖ್ಯೆ ಒಂದು ಹೆಚ್ಚಾದರೆ ಆರಂಭದಲ್ಲಿದ್ದ ಪ್ರಮಾಣ ಅರ್ಧ ಎಂದರ್ಥ.

ಪ್ರತಿ ಟ್ಯೂಬಿಗೂ ಹಾಕಿದ ಆರ್‌ಎನ್‌ಎ ಸ್ವಲ್ಪ ಹೆಚ್ಚು ಕಡಿಮೆ ಆಗಿರುವುದರಿಂದ, ಬದಲಾಗದ ಒಂದು ಜೀನನ್ನು ಮಾನದಂಡವಾಗಿ ಇಟ್ಟುಕೊಳ್ಳುತ್ತೇವೆ. ರೂಢಿಯಿಂದ ಎಲ್ಲರೂ ಜಿಎಪಿಡಿಎಚ್ ಎಂಬ ಜೀನನ್ನು ಬಳಸುತ್ತಾರೆ. ಕೊಬ್ಬಿನಲ್ಲಿ ಅದು ತಪ್ಪು ಆಯ್ಕೆ, ಏಕೆಂದರೆ ಇನ್ಸುಲಿನ್ ಈ ಜೀನನ್ನು ಏರಿಳಿಸುತ್ತದೆ, ಮತ್ತು ತೂಕ ಇಳಿದಾಗ ಮೊದಲು ಬದಲಾಗುವುದೇ ಇನ್ಸುಲಿನ್. ಬದಲಾಗುವ ಅಳತೆಕೋಲಿನಿಂದ ಬದಲಾವಣೆಯನ್ನು ಅಳೆದಂತಾಗುತ್ತದೆ. ಆರ್‌ಪಿಎಲ್‌ಪಿ-0, ಪಿಪಿಐಎ ಮುಂತಾದ ಎರಡು ಮೂರು ಜೀನ್‌ಗಳನ್ನು ನಿಮ್ಮದೇ ಸ್ಯಾಂಪಲ್ಲುಗಳಲ್ಲಿ ಪರೀಕ್ಷಿಸಿ, ಸ್ಥಿರವಾಗಿ ನಿಂತವುಗಳ ಸರಾಸರಿಯನ್ನು ಬಳಸಿ.

ಒಂದು ಲೆಕ್ಕವನ್ನು ಕೈಯಿಂದ ಮಾಡಿ ನೋಡೋಣ. ಕೊಬ್ಬಿನಾಮ್ಲವನ್ನು ತಯಾರಿಸುವ ಕಿಣ್ವದ ಜೀನಾದ ಎಫ್‌ಎಎಸ್‌ಎನ್ ಉಪ್ಪುನೀರಿನ ಇಲಿಯಲ್ಲಿ 24ನೆಯ ಸುತ್ತಿನಲ್ಲಿ, ಮಾನದಂಡದ ಜೀನ್ 18ನೆಯ ಸುತ್ತಿನಲ್ಲಿ ಕಂಡಿತೆನ್ನಿ, ವ್ಯತ್ಯಾಸ 6. ಹಾರ್ಮೋನ್ ಪಡೆದ ಇಲಿಯಲ್ಲಿ ಇವೇ ಸಂಖ್ಯೆಗಳು 27 ಮತ್ತು 18.5 ಆಗಿದ್ದರೆ ವ್ಯತ್ಯಾಸ 8.5. ಎರಡು ವ್ಯತ್ಯಾಸಗಳ ನಡುವಿನ ಅಂತರ 2.5. ಎರಡನ್ನು 2.5ರ ಘಾತಕ್ಕೇರಿಸಿದರೆ ಸುಮಾರು 5.7. ಅಂದರೆ ಎಫ್‌ಎಎಸ್‌ಎನ್ ಚಟುವಟಿಕೆ 5.7 ಪಟ್ಟು ಇಳಿದು ಮೊದಲಿನ ಶೇಕಡಾ 18ರಷ್ಟಾಗಿದೆ. ಈಗ ಪೇರ್-ಫೆಡ್ ಇಲಿಯಲ್ಲಿ ವ್ಯತ್ಯಾಸ 8 ಎಂದು ಬಂದರೆ, ಅಲ್ಲಿ ಆಹಾರ ಕಡಿತವೊಂದರಿಂದಲೇ 4 ಪಟ್ಟು ಇಳಿದಿದೆ. ಹಾರ್ಮೋನಿನ ಲೆಕ್ಕಕ್ಕೆ ಸೇರುವುದು ಉಳಿದ 1.4 ಪಟ್ಟು ಮಾತ್ರ. ಮೂರನೆಯ ಗುಂಪಿಲ್ಲದಿದ್ದರೆ 5.7 ಪಟ್ಟನ್ನೂ ಹಾರ್ಮೋನಿನ ಹೆಸರಿಗೆ ಬರೆದುಬಿಡುತ್ತಿದ್ದೆವು.

ಒಂದೇ ಇಲಿಯ ಸಿಡಿಎನ್‌ಎಯನ್ನು ಯಂತ್ರದ ತಟ್ಟೆಯ ಮೂರು ವೆಲ್‌ಗಳಿಗೆ (ಗುಳಿಗಳಿಗೆ) ಹಾಕಿದರೆ ಅದು ಮೂರು ಇಲಿ ಆಗುವುದಿಲ್ಲ. ಸಂಖ್ಯಾಶಾಸ್ತ್ರದಲ್ಲಿ ಎಣಿಸಬೇಕಾದದ್ದು ಪ್ರಾಣಿಗಳನ್ನು.

ಪ್ರಯೋಗಾಲಯವೇ ಇಲ್ಲದವರು ನಿರಾಶರಾಗಬೇಕಿಲ್ಲ. ಅಮೆರಿಕದ ಎನ್‌ಸಿಬಿಐ ಸಂಸ್ಥೆ ನಡೆಸುವ ಜಿಇಒ ಎಂಬ ಉಚಿತ ಭಂಡಾರದಲ್ಲಿ ತೂಕ ಇಳಿಕೆಗೆ ಸಂಬಂಧಿಸಿದ ಕೊಬ್ಬಿನ ಜೀನ್ ದತ್ತಾಂಶ ಬೇಕಾದಷ್ಟಿದೆ, ಆರ್ ಎಂಬ ಉಚಿತ ತಂತ್ರಾಂಶದಲ್ಲಿ ಅದನ್ನು ವಿಶ್ಲೇಷಿಸಬಹುದು. ಹಾಗೆ ಮಾಡುವಾಗ, 20,000 ಜೀನ್‌ಗಳನ್ನು ಶೇಕಡಾ 5ರ ಮಿತಿಯಲ್ಲಿ ಪರೀಕ್ಷಿಸಿದರೆ ಏನೂ ಬದಲಾಗದಿದ್ದರೂ ಸುಮಾರು 1,000 ಜೀನ್‌ಗಳು ಆಕಸ್ಮಿಕವಾಗಿ ಬದಲಾದಂತೆ ಕಾಣುತ್ತವೆ ಎಂಬುದನ್ನು ನೆನಪಿಟ್ಟು, ಬೆಂಜಮಿನಿ ಮತ್ತು ಹಾಕ್‌ಬರ್ಗ್ 1995ರಲ್ಲಿ ಸೂಚಿಸಿದ ತಿದ್ದುಪಡಿಯಿಂದ ಸೋಸಿದ ಪಟ್ಟಿಯನ್ನೇ ಬಳಸಿ.

ಯಾವ ಜೀನ್‌ಗಳತ್ತ ನೋಡಬೇಕು

ಮೊದಲನೆಯದು ಲೆಪ್ಟಿನ್ ಜೀನೇ. ಕೊಬ್ಬಿನ ಕೋಶ ಕುಗ್ಗಿದಂತೆ ಅದು ಇಳಿಯುತ್ತದೆ, ಆದ್ದರಿಂದ ಪ್ರಯೋಗ ಸರಿಯಾಗಿ ನಡೆದಿದೆಯೇ ಎಂಬುದಕ್ಕೆ ಒಳ್ಳೆಯ ಸಾಕ್ಷಿ. ಓಬಿ ಇಲಿಯಲ್ಲಿ ಈ ಸಾಕ್ಷಿ ನಡೆಯದು, ಅಲ್ಲಿ ಆ ಜೀನೇ ಕೆಟ್ಟಿದೆ. ಎರಡನೆಯದು ಕೊಬ್ಬು ತಯಾರಿಸುವ ಗುಂಪು: ಎಫ್‌ಎಎಸ್‌ಎನ್, ಎಸ್‌ಸಿಡಿ-1, ಮತ್ತು ಇವುಗಳನ್ನು ಆಳುವ ಎಸ್‌ಆರ್‌ಇಬಿಪಿ-1. ಲೆಪ್ಟಿನ್ ಯಕೃತ್ತಿನಲ್ಲಿ ಎಸ್‌ಸಿಡಿ-1ನ್ನು ಅದುಮುತ್ತದೆ ಎಂಬುದು 2002ರಲ್ಲಿ ಗೊತ್ತಾಯಿತು. ಮೂರನೆಯದು ಕೊಬ್ಬನ್ನು ಒಡೆಯುವ ಗುಂಪು: ಎಟಿಜಿಎಲ್, ಎಚ್‌ಎಸ್‌ಎಲ್, ಪೆರಿಲಿಪಿನ್. ಈ ಕಿಣ್ವಗಳ ಕೆಲಸ ಬಹಳಮಟ್ಟಿಗೆ ಫಾಸ್ಫೇಟ್ ಸೇರುವುದರಿಂದ ಚುರುಕಾಗುತ್ತದೆ, ಹೊಸ ಆರ್‌ಎನ್‌ಎ ಬೇಕಾಗಿಲ್ಲ. ಆದ್ದರಿಂದ ಎಚ್‌ಎಸ್‌ಎಲ್‌ನ ಆರ್‌ಎನ್‌ಎ ಬದಲಾಗದಿದ್ದರೆ ಕೊಬ್ಬು ಒಡೆಯಲೇ ಇಲ್ಲ ಎಂದು ಬರೆಯಬೇಡಿ. ನಾಲ್ಕನೆಯದು ಉರಿಯೂತದ ಗುಂಪು: ಸಿಸಿಎಲ್-2, ಟಿಎನ್‌ಎಫ್, ಸಿಡಿ-68.

ಹಾರ್ಮೋನ್ ಎಲ್ಲಿ ಕೆಲಸ ಮಾಡಿತು ಎಂಬುದರ ಬಗ್ಗೆಯೂ ಎಚ್ಚರ ಬೇಕು. ಕೊಬ್ಬಿನ ಜೀನ್ ಬದಲಾಯಿತೆಂದ ಮಾತ್ರಕ್ಕೆ ಹಾರ್ಮೋನ್ ನೇರವಾಗಿ ಕೊಬ್ಬನ್ನು ಮುಟ್ಟಿದೆ ಎಂದಾಗುವುದಿಲ್ಲ. ಲೆಪ್ಟಿನ್ ಮುಖ್ಯವಾಗಿ ಮೆದುಳಿನ ಹೈಪೋಥಲಾಮಸ್‌ನ ಮೇಲೆ ಕೆಲಸ ಮಾಡುತ್ತದೆ. ಅಲ್ಲಿಂದ ಹೊರಟ ಸಿಂಪಥೆಟಿಕ್ ನರಗಳು ಕೊಬ್ಬಿನ ಕೋಶದವರೆಗೆ ಬಂದು ಕೊಬ್ಬನ್ನು ಒಡೆಯಲು ಹೇಳುತ್ತವೆ ಎಂಬುದನ್ನು 2015ರಲ್ಲಿ ಇಲಿಗಳಲ್ಲಿ ನೇರವಾಗಿ ತೋರಿಸಿದ್ದಾರೆ. ಸೆಮಾಗ್ಲುಟೈಡ್ ವಿಷಯದಲ್ಲಿಯೂ ತೂಕ ಇಳಿಸುವ ಪರಿಣಾಮದ ಮುಖ್ಯ ಭಾಗ ಮೆದುಳಿನ ಮೂಲಕವೇ ಬರುತ್ತದೆ. ಟಿರ್ಜೆಪಟೈಡ್ ಬಳಸುವ ಎರಡು ಗ್ರಾಹಕಗಳಲ್ಲಿ ಒಂದಾದ, ಜಿಐಪಿ ಎಂಬ ಕರುಳಿನ ಹಾರ್ಮೋನಿನ ಗ್ರಾಹಕವಾದರೋ ಕೊಬ್ಬಿನ ಅಂಗಾಂಶದಲ್ಲಿಯೂ ಇದೆ.

ಕೋಶಗಳ ಜನಗಣತಿ

ಈಗ ಫಾರ್ಮಲಿನ್‌ನಲ್ಲಿಟ್ಟ ಆ ಚೂರಿನ ವಿಷಯ. ಕೊಬ್ಬಿನ ಅಂಗಾಂಶದಲ್ಲಿ ಜಾಗವನ್ನು ಆಕ್ರಮಿಸಿರುವುದು ಕೊಬ್ಬಿನ ಕೋಶಗಳಾದರೂ, ತಲೆ ಎಣಿಸಿದರೆ ರಕ್ತನಾಳದ ಕೋಶಗಳು, ಎಳೆಯ ಪೂರ್ವಕೋಶಗಳು ಮತ್ತು ಮ್ಯಾಕ್ರೋಫೇಜ್ ಎಂಬ ಭಕ್ಷಕ ಕೋಶಗಳು ಸೇರಿ ದೊಡ್ಡ ಪಾಲು ಇರುತ್ತದೆ. ತೆಳ್ಳಗಿನ ಇಲಿಯ ಕೊಬ್ಬಿನಲ್ಲಿ ಭಕ್ಷಕ ಕೋಶಗಳು ಶೇಕಡಾ 10ಕ್ಕಿಂತ ಕಡಿಮೆ, ವಿಪರೀತ ದಪ್ಪವಾದ ಇಲಿಯಲ್ಲಿ ಅರ್ಧದಷ್ಟಾಗಬಹುದು ಎಂದು 2003ರಲ್ಲಿ ಕಂಡುಕೊಂಡರು.

ಒಂದು ಕಲ್ಪಿತ ಲೆಕ್ಕ ಹಾಕಿ. ದಪ್ಪ ಇಲಿಯ 100 ಕೋಶಗಳಲ್ಲಿ 40 ಕೊಬ್ಬಿನವು, 40 ಭಕ್ಷಕಗಳು, 20 ಇತರ. ತೂಕ ಇಳಿದ ಮೇಲೆ ಅದು 55, 20, 25 ಆಯಿತು. ಯಾವ ಕೋಶವೂ ತನ್ನ ಒಂದೇ ಒಂದು ಜೀನಿನ ಚಟುವಟಿಕೆಯನ್ನು ಬದಲಾಯಿಸದಿದ್ದರೂ, ಭಕ್ಷಕಗಳ ಗುರುತಾದ ಸಿಡಿ-68 ಅರ್ಧಕ್ಕಿಳಿದಂತೆಯೂ ಕೊಬ್ಬಿನ ಕೋಶಗಳ ಗುರುತಾದ ಅಡಿಪೊನೆಕ್ಟಿನ್ ಶೇಕಡಾ 37.5ರಷ್ಟು ಏರಿದಂತೆಯೂ ಯಂತ್ರ ತೋರಿಸುತ್ತದೆ. ಹಾರ್ಮೋನ್ ಉರಿಯೂತದ ಜೀನನ್ನು ಅದುಮಿತು ಎಂದು ಆಗ ಬರೆದರೆ ಅದು ನಿಜವಲ್ಲ. ಉರಿಯೂತದ ಕೋಶಗಳು ಜಾಗ ಖಾಲಿ ಮಾಡಿವೆ. ಫಾರ್ಮಲಿನ್ ಚೂರನ್ನು ತೆಳ್ಳಗೆ ಕೊಯ್ದು, ಬಣ್ಣ ಹಾಕಿ, ಸೂಕ್ಷ್ಮದರ್ಶಕದಲ್ಲಿ ಕೋಶಗಳನ್ನು ಎಣಿಸಿದರೆ ಈ ಎರಡನ್ನು ಬೇರ್ಪಡಿಸಬಹುದು. ಖರ್ಚು ಕಡಿಮೆ, ತಾಳ್ಮೆ ಹೆಚ್ಚು ಬೇಕು.

ಯಾವ ದಿನ ಅಳೆಯುತ್ತೇವೆ ಎಂಬುದರಿಂದಲೂ ಈ ಗಣತಿ ಬದಲಾಗುತ್ತದೆ. ಆಹಾರ ಕಡಿತದ ಮೊದಲ ದಿನಗಳಲ್ಲಿ ಒಡೆದ ಕೊಬ್ಬನ್ನು ಎತ್ತಲು ಭಕ್ಷಕ ಕೋಶಗಳು ಇಲಿಯ ಕೊಬ್ಬಿಗೆ ಇನ್ನಷ್ಟು ಬರುತ್ತವೆ, ಆಮೇಲೆ ಇಳಿಯುತ್ತವೆ. ಮೂರನೆಯ ದಿನ ಮಾತ್ರ ಅಳೆದವನೂ ಆರನೆಯ ವಾರ ಮಾತ್ರ ಅಳೆದವನೂ ವಿರುದ್ಧ ತೀರ್ಮಾನಗಳಿಗೆ ಬರುತ್ತಾರೆ, ಇಬ್ಬರೂ ಸರಿಯಾಗಿಯೇ ಅಳೆದಿರುತ್ತಾರೆ. ಕನಿಷ್ಠ ಎರಡು ಬೇರೆ ಬೇರೆ ದಿನಗಳಲ್ಲಿ ಅಂಗಾಂಶ ತೆಗೆಯಿರಿ.

ಹಾರ್ಮೋನ್ ನಿಲ್ಲಿಸಿದ ಮೇಲೆ

ಸಾಧ್ಯವಿದ್ದರೆ ಇನ್ನೊಂದು ಗುಂಪಿಗೆ ಜಾಗ ಮಾಡಿ: ಹಾರ್ಮೋನಿನಿಂದ ತೂಕ ಇಳಿಸಿ, ನಂತರ ಹಾರ್ಮೋನ್ ನಿಲ್ಲಿಸಿದ ಗುಂಪು. ಸೆಮಾಗ್ಲುಟೈಡ್‌ನ ದೊಡ್ಡ ಪರೀಕ್ಷೆಯೊಂದರಲ್ಲಿ 68 ವಾರಗಳಲ್ಲಿ ತೂಕ ಸರಾಸರಿ ಶೇಕಡಾ 14.9ರಷ್ಟು ಇಳಿದಿತ್ತು, ಮದ್ದು ನಿಲ್ಲಿಸಿ ಒಂದು ವರ್ಷವಾದಾಗ ಇಳಿದದ್ದರ ಮೂರನೇ ಎರಡು ಭಾಗ ಮರಳಿ ಬಂದಿತ್ತು. ಇದಕ್ಕೆ ಹಸಿವು ಮರಳುವುದು ಒಂದು ಕಾರಣ. ಕೊಬ್ಬಿನೊಳಗೂ ಕಾರಣಗಳಿರಬಹುದು. ವಯಸ್ಕರು ತೂಕ ಇಳಿಸಿದಾಗ ಕೊಬ್ಬಿನ ಕೋಶಗಳು ಕುಗ್ಗುತ್ತವೆ, ಅವುಗಳ ಸಂಖ್ಯೆ ಕಡಿಮೆಯಾಗುವುದಿಲ್ಲ ಎಂಬುದು 2008ರಲ್ಲಿ ತಿಳಿಯಿತು. ವರ್ಷಕ್ಕೆ ಸುಮಾರು ಹತ್ತನೇ ಒಂದು ಭಾಗ ಕೋಶಗಳಷ್ಟೇ ಹೊಸದಾಗಿ ಬದಲಾಗುತ್ತವೆ. ಜ್ಯೂರಿಕ್‌ನ ಇಟಿಎಚ್ ಸಂಸ್ಥೆಯ ಸಂಶೋಧಕರು 2024ರಲ್ಲಿ, ತೂಕ ಇಳಿದ ಬಹುಕಾಲದ ನಂತರವೂ ಮನುಷ್ಯರ ಮತ್ತು ಇಲಿಗಳ ಕೊಬ್ಬಿನ ಕೋಶಗಳಲ್ಲಿ ಬೊಜ್ಜಿನ ಕಾಲದ ಜೀನ್ ಚಟುವಟಿಕೆಯ ಗುರುತುಗಳು ಉಳಿದಿರುವುದನ್ನು ತೋರಿಸಿದರು. ಅಂತಹ ಇಲಿಗಳಿಗೆ ಮತ್ತೆ ಕೊಬ್ಬಿನ ಆಹಾರ ಕೊಟ್ಟಾಗ ಅವು ಬೇಗ ದಪ್ಪವಾದವು. ಆ ಅಧ್ಯಯನದಲ್ಲಿ ಮನುಷ್ಯರ ತೂಕ ಇಳಿದದ್ದು ಶಸ್ತ್ರಚಿಕಿತ್ಸೆಯಿಂದ, ಇಲಿಗಳದ್ದು ಆಹಾರ ಬದಲಾವಣೆಯಿಂದ. ಹಾರ್ಮೋನಿನಿಂದ ಇಳಿದ ತೂಕದಲ್ಲಿಯೂ ಇದೇ ಗುರುತು ಉಳಿಯುತ್ತದೆಯೇ ಎಂದು ಕೇಳುವುದಕ್ಕೆ ನಿಮ್ಮ ಈ ಗುಂಪು ಬೇಕು.

ಈ ಗುಂಪಿನಿಂದ ಅಂಗಾಂಶವನ್ನು ಹಾರ್ಮೋನ್ ನಿಲ್ಲಿಸಿದ ಮರುದಿನ ತೆಗೆಯಬೇಡಿ. ತೂಕ ಇಳಿದು ಸ್ಥಿರವಾಗಿ ನಿಂತಾಗ ಒಮ್ಮೆ, ಹಾರ್ಮೋನ್ ನಿಲ್ಲಿಸಿ ತೂಕ ಏರಲು ಆರಂಭಿಸಿದಾಗ ಇನ್ನೊಮ್ಮೆ ತೆಗೆಯಿರಿ, ಮತ್ತು ಎರಡಕ್ಕೂ ಜೊತೆಯಾಗಿ ಎಂದೂ ದಪ್ಪವಾಗದ, ಅದೇ ವಯಸ್ಸಿನ ಇಲಿಗಳ ಕೊಬ್ಬನ್ನು ಅದೇ ದಿನ ತೆಗೆದು ಅದೇ ಪೆಟ್ಟಿಗೆಯಲ್ಲಿ ಹೆಪ್ಪುಗಟ್ಟಿಸಿ. ಆರ್‌ಎನ್‌ಎ ತೆಗೆಯುವ ದಿನ ಒಂದು ಗುಂಪನ್ನು ಬೆಳಿಗ್ಗೆ, ಇನ್ನೊಂದನ್ನು ಸಂಜೆ ಮಾಡದೆ, ಪ್ರತಿ ಸುತ್ತಿನಲ್ಲಿಯೂ ಎಲ್ಲ ಗುಂಪುಗಳ ಒಂದೊಂದು ಟ್ಯೂಬ್ ಇರುವಂತೆ ಚೀಟಿ ಎತ್ತಿ ಕ್ರಮ ನಿಗದಿಮಾಡಿ, ಆ ಕ್ರಮವನ್ನು ಲ್ಯಾಬ್ ಪುಸ್ತಕದಲ್ಲಿ ದಿನಾಂಕದೊಂದಿಗೆ ಬರೆದಿಡಿ.